ಕೋವಿ ರಿಪೇರಿಯ ಗೋವಿಂದಾಚಾರಿ

ಆ ಬೆಳಿಗ್ಗೆ ಕಾವಲಿಗೆ ಅರ್ಧ ಈರುಳ್ಳಿ ಉಜ್ಜುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಗೋವಿಂದಾಚಾರಿ ಇಂಗ್ಲಿಷ್ ಪತ್ರಿಕೆ ಹಿಡಿದು ನಿಂತಿದ್ದರು.

ಕೋಟೆಯ ನಮ್ಮ ಓಣಿಯಲ್ಲಿ ಅವರದು ಕೋವಿ ರಿಪೇರಿ ಅಂಗಡಿ. ಗಿರಾಕಿಯ ಹೆಸರು ಕೇಳುವ ಮೊದಲೇ ದರ್ಜಿಯಂತೆ ಅವನ ತೋಳು, ಕತ್ತು, ಕೆನ್ನೆ ಅಳೆಯುತ್ತಿದ್ದರು. ವಿದೇಶಿ ಮಾದರಿಯ ಹಿಡಿ ಬೇಕೆಂದವರಿಗೆ, “ನಿಮ್ಮ ಕೆನ್ನೆ ಇಲ್ಲೇ ಹುಟ್ಟಿದ್ದಲ್ವಾ?” ಎನ್ನುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನನ್ನ ಕಾನ್ವೆಂಟ್ ವಿದ್ಯೆ ಕೊನೆಗೂ ಉಪಯೋಗಕ್ಕೆ ಬಂದದ್ದು ಜೋಡುನಳಿಗೆ ಕೋವಿಗೆ. ಸಿಸ್ಟರ್‌ಗಳಿಗೆ ಗೊತ್ತಾಗಿದ್ದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಪತ್ರಿಕೆ ಭದ್ರಾವತಿಯ ಸುಬ್ಬರಾಯರದು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ರದ್ದಿ ಅಂಗಡಿಯ ಪತ್ರಿಕೆ ಓದಿ ಕೋವಿ ಪಂಡಿತರಾಗಿದ್ದರು. ಒಂದು ವರ್ಷ, ಪಕ್ಕಪಕ್ಕದ ನಳಿಗೆ ಹಳ್ಳಿಗಮಾರರದು, ಒಂದರ ಮೇಲೊಂದಿದ್ದರೇ ನಾಗರಿಕತೆ ಎಂದರು. ಮರುವರ್ಷ ಪಕ್ಕಪಕ್ಕದ್ದೇ ಕುಲೀನವಾಯಿತು. ಈ ಸಲ ಗಿಡ್ಡ ನಳಿಗೆಯ ಸರದಿ. ತಮ್ಮ ತಂದೆಯ ಕೋವಿಯ ನಳಿಗೆ ನಾಲ್ಕು ಬೆರಳು ಕೊಯ್ಯಬೇಕು, ಅದೂ ಅವತ್ತೇ. ಎಲೆಕ್ಷನ್ ಬಂದಿತ್ತು, ಸಂಜೆಯೊಳಗೆ ಲೈಸೆನ್ಸಿನ ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕು. ಆ ಸಾಲಿನಲ್ಲಿ ಭದ್ರಾವತಿಯವರೆಲ್ಲ ನೋಡಬೇಕಲ್ಲ!

ಆ ಕೋವಿಗೆ ಹಿಡಿ ಕೂರಿಸಿದ್ದು ಆಚಾರಿಯ ತಂದೆ. ಕೊಯ್ದರೆ ತೂಕ ತಪ್ಪಿ ಕೋವಿ ಕೈಯಲ್ಲಿ ಕುಣಿಯುತ್ತದೆ ಎಂದು ಆಚಾರಿ ಹೇಳಿ ನೋಡಿದ್ದರಂತೆ. ತಜ್ಞರಿಗಿಂತ ನಿನಗೆ ಗೊತ್ತಾ ಎಂದಿದ್ದರು ರಾಯರು.

ಓದಿದೆ. ಗಿಡ್ಡ ನಳಿಗೆಯೇ ಚುರುಕು ಎಂದು ಗಿರಿಜಾಮೀಸೆಯ ತಜ್ಞನೊಬ್ಬ ಬರೆದಿದ್ದ. ಆ ಮೀಸೆ ಎಲ್ಲೋ ಕಂಡದ್ದೇ. ಆಚಾರಿ ಹಿಂದೊಮ್ಮೆ ಓದಿಸಿ ಬಿಟ್ಟುಹೋಗಿದ್ದ, ಬೇಳೆ ಡಬ್ಬಿಗಳ ಕೆಳಗೆ ಹಾಸಿದ್ದ ಹಳೆಯ ಸಂಚಿಕೆ ಎಳೆದೆ. ಅಲ್ಲಿ ಅದೇ ಮೀಸೆ, ಉದ್ದ ನಳಿಗೆ ಇಲ್ಲದವನು ಬೇಟೆಗಾರನೇ ಅಲ್ಲ ಎನ್ನುತ್ತಿತ್ತು.

ಎರಡನ್ನೂ ಅಂಗಡಿಗೆ ಒಯ್ದು, ಅಲ್ಲಿ ಕಾಯುತ್ತಿದ್ದ ರಾಯರೆದುರು ಓದಿದೆ. ಅವರು ಕನ್ನಡಕ ಒರೆಸಿಕೊಂಡು, ತಜ್ಞರ ಅಭಿಪ್ರಾಯ ಬೆಳೆಯುತ್ತಿರುತ್ತದೆ ಎಂದರು. ಆಚಾರಿ ಗರಗಸವನ್ನು ಅವರ ಕೈಗೇ ಕೊಟ್ಟರು.

“ಅಭಿಪ್ರಾಯ ಬೆಳೀಲಿ ರಾಯರೇ. ಕೊಯ್ದ ಕಬ್ಬಿಣ ಬೆಳೆಯಲ್ಲ. ನೀವೇ ಕೊಯ್ರಿ, ನಾನು ಹಿಡ್ಕೋತೀನಿ.”

ರಾಯರು ಗರಗಸದ ಹಲ್ಲು ನೋಡುತ್ತ ಕೂತರು. ಮಕ್ಕಳ ಸ್ಕೂಲಿಗೆ ಹೊತ್ತಾಗಿತ್ತು. ನಾನು ಮನೆಗೆ ಓಡಿದೆ.

ಆಚಾರಿ ಹೋಗಿ ವರ್ಷಗಳಾದವು. ಅವರ ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ನನಗೆ ಮಾತ್ರ ಅವರೆಂದರೆ ಆ ದಿನವೇ. ಅವತ್ತು ಸಂಜೆ ಹೊರಗೆ ಬಂದರೆ ಅಂಗಡಿಗೆ ಬೀಗ. ಎದುರುಮನೆ ಶಾರದಮ್ಮ ಮಣ್ಣಾದ ಸೀರೆ ಕೊಡವುತ್ತಿದ್ದರು.

“ಆ ಭದ್ರಾವತಿ ರಾಯರು ಕೋವಿ ಬೆನ್ನಿಗೆ ಹಾಕ್ಕೊಂಡು ಸ್ಕೂಟರಲ್ಲಿ ಬರುವಾಗ್ಲೂ ನಮ್ಮ ಬಟ್ಟೆ ಹಗ್ಗಕ್ಕೆ ಸಿಗಿಸಿದ್ರು, ಹೋಗುವಾಗ್ಲೂ ಸಿಗಿಸಿದ್ರು. ಅಷ್ಟುದ್ದ ಯಾಕೆ ಬೇಕು ಮಾರಾಯ್ತಿ? ಮುಂದೆ ಸ್ವಲ್ಪ ಕೊಯ್ಸಬಾರ್ದಾ?”