ಅಪ್ಪ ಒಪ್ಪದ ಬೂದು ಬಣ್ಣ

ಬೈಲಹೊಂಗಲದ ನಮ್ಮ ಸ್ಟುಡಿಯೋದಲ್ಲಿ ಅಪ್ಪನ ಡಾರ್ಕ್‌ರೂಮ್ ಮುಚ್ಚಿಸಿ ಅಲ್ಲಿ ಇಂಕ್‌ಜೆಟ್ ಪ್ರಿಂಟರ್ ಇಟ್ಟವಳು ನಾನು. ಅದನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ. ಜನ ತೀರಿಹೋದ ಹಿರಿಯರ ಸಣ್ಣ ಫೋಟೋ ತರುತ್ತಾರೆ. ಗೋಡೆಗೆ ಹಾಕಲು ಕಪ್ಪು-ಬಿಳುಪಿನಲ್ಲೇ ದೊಡ್ಡದು ಮಾಡಿಕೊಡಬೇಕು. ಹೇಳಿದಷ್ಟು ಸುಲಭವಲ್ಲ. ಬೂದು ಬಣ್ಣ ತೆಗೆಯಲು ಪ್ರಿಂಟರು ಕಪ್ಪು ಶಾಯಿಯ ಜೊತೆ ನೀಲಿ, ಕೆಂಪು, ಹಳದಿಯನ್ನೂ ಬೆರೆಸುತ್ತದೆ. ಯಾವುದೊಂದು ತುಸು ಹೆಚ್ಚಾದರೂ ಸತ್ತವರ ಮುಖಕ್ಕೆ ಅದೇ ಬಣ್ಣ.

ನನ್ನ ಪ್ರತಿಯೊಂದು ಪ್ರಿಂಟನ್ನೂ ಅಪ್ಪ ಬಾಗಿಲ ಬಳಿ ಬಿಸಿಲಿಗೆ ಹಿಡಿಯುತ್ತಿದ್ದ. "ಹಳದಿ ಐತಿ. ಕಾಮಣಿ ಆದವ್ರ ಗತೆ ಕಾಣ್ತಾರ," ಎನ್ನುತ್ತಿದ್ದ. ನನಗೆ ಅಪ್ಪಟ ಬೂದು ಕಾಣುತ್ತಿತ್ತು. ಆದರೆ ಸುತ್ತಲಿನ ಊರುಗಳಲ್ಲಿ ಅಪ್ಪನ ಕಣ್ಣಿಗೆ ಹೆಸರಿತ್ತು. ನನ್ನ ಕಣ್ಣನ್ನೇ ನಾನು ಅನುಮಾನಿಸಿದೆ. ಹಳದಿ ಇಳಿಸಿ ನೀಲಿ ಏರಿಸಿದೆ. ಎರಡು ವರ್ಷ ಏರಿಸುತ್ತಲೇ ಹೋದೆ. ಒಮ್ಮೆಯಾದರೂ ಮೆಚ್ಚಲಿ ಎಂಬ ಆಸೆ, ಅಷ್ಟೇ. ಮೆಚ್ಚಲಿಲ್ಲ.

ಆಮೇಲೆ ಬೆಳಗಾವಿಯಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆಸಿದೆವು. ಪೊರೆ ಬಂದವರಿಗೆ ಬಿಳಿಯೂ ಹಳದಿಯಾಗಿ ಕಾಣುತ್ತದೆ ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ಅಪ್ಪನಿಗೆ ನೋವಾದೀತೆಂದು ನಾನು ಬಾಯಿ ಬಿಡಲಿಲ್ಲ.

ಅವನು ಮತ್ತೆ ಅಂಗಡಿಗೆ ಬಂದ ಮೊದಲ ದಿನವೇ ಮುರಗೋಡದ ಗಿರಾಕಿಯೊಬ್ಬರು ತಮ್ಮ ತಾಯಿಯ ಫೋಟೋ ಒಯ್ಯಲು ಬಂದಿದ್ದರು. ಅಪ್ಪ ಅದನ್ನು ಅವರ ಕೈಯಿಂದ ಕಸಿದುಕೊಂಡು ನೋಡಿದ.

"ಇದೇನ, ನೀರಾಗ ಬಿದ್ದ ಹೆಣಾನ? ಪೂರಾ ನೀಲಿ! ಇಕಿಗಿ ಕಣ್ಣ ಇಲ್ರಿ. ಬ್ಯಾರೆ ಕಡೆ ಮಾಡಸ್ರಿ."

ಆ ಮನುಷ್ಯನ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ.

"ಪೊರಿ ಬಂದಿದ್ದು ನಿನ್ನ ಕಣ್ಣಿಗೆ, ಅಪ್ಪಾ. ನಿನ್ನ ಮಾತ ಕೇಳಿ ಎಲ್ಲಾರ ಮಾರಿಗೂ ನೀಲಿ ಬಳದೇನಿ. ನಿನ್ನ ಫೋಟೋ ಮಾತ್ರ ಬರೋಬ್ಬರಿ ಮಾಡತೇನಿ. ಅವತ್ತ ತಪ್ಪ ಹುಡುಕಾಕ ನೀ ಇರೂದಿಲ್ಲ."

ಹೇಳಿದಾಗ ಹಾಯೆನಿಸಿತು. ಸುಳ್ಳು ಯಾಕೆ ಬರೆಯಲಿ.

ಮರುದಿನ ಅಪ್ಪ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಟೋಪಿ ಹಾಕಿಕೊಂಡು ಬಂದು ಕ್ಯಾಮೆರಾದ ಮುಂದೆ ಸ್ಟೂಲಿನ ಮೇಲೆ ಕುಳಿತ.

"ತಗಿ," ಎಂದ. "ನಾ ಇದ್ದಾಗನ ನೋಡತೇನಿ."

ಲೈಟು ಹಾಕಿದೆ. ತೆಗೆದೆ. ನನ್ನ ಕಣ್ಣೊಂದನ್ನೇ ನಂಬಿ ಪ್ರಿಂಟು ಹಾಕಿದೆ. ಎಲ್ಲೂ ನೀಲಿಯಿಲ್ಲ, ಹಳದಿಯಿಲ್ಲ. ಅಪ್ಪ ತನ್ನ ಮುಖವನ್ನು ತಾನೇ ಬಹಳ ಹೊತ್ತು ನೋಡಿ, ನನ್ನ ಕೈಗೆ ಕೊಟ್ಟ.

"ಚಲೋ ಮಾಡೀದಿ," ಎಂದ. "ಇನ್ನ ಹಾರ ಒಂದ ತಾ."