ದುಡ್ಡು ಕೊಟ್ಟು ತಂದ ಅಜ್ಜಿ

ಶೆಟ್ಟಿಹಳ್ಳಿಯಲ್ಲಿ ನನ್ನದೊಂದು ಫ್ಲೆಕ್ಸ್ ಮತ್ತು ಲೇಬಲ್ ಪ್ರಿಂಟಿಂಗ್ ಅಂಗಡಿ ಇದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಕಂಪ್ಯೂಟರ್ ಕೆಲಸವನ್ನು ಇನ್ನೊಬ್ಬರ ಬೆನ್ನ ಹಿಂದೆ ನಿಂತು ನೋಡಿ ಕಲಿತೆ. ನಮ್ಮ ಕಸುಬಿನಲ್ಲಿ ಫೋಟೋ ಬೇಕಾದರೆ ನೆಟ್‌ನಿಂದ ಎತ್ತಿಕೊಳ್ಳುವುದೇ ವಾಡಿಕೆ. ಅದರ ಮೇಲೆ ಅಡ್ಡಕ್ಕೆ ಕಂಪನಿ ಹೆಸರು ಮಸುಕಾಗಿ ಬಂದಿದ್ದರೆ ಒಂದು ಗುಲಾಬಿ ಹೂವು ಕೂರಿಸಿ ಮುಚ್ಚುತ್ತಾರೆ. ನಾನು ಆ ಪೈಕಿ ಅಲ್ಲ. ಫೋಟೋ ಮಾರುವ ವೆಬ್‌ಸೈಟಿಗೆ ದುಡ್ಡು ಕಟ್ಟಿಯೇ ತರುತ್ತೇನೆ. ಅದನ್ನು ಹೇಳಿಕೊಳ್ಳುವುದಕ್ಕೂ ನನಗೆ ಸಂಕೋಚವಿಲ್ಲ.

ಅಮೃತೂರಿನ ಹೆಣ್ಣುಮಗಳೊಬ್ಬರು ರಾಗಿ ಮಾಲ್ಟ್ ಮಾಡಿ ಮಾರುತ್ತಾರೆ. ಕವರಿನ ಡಿಸೈನ್ ಮಾಡಿಸಲು ಬಂದಾಗ, ಬೀಸೋ ಕಲ್ಲಿನ ಮುಂದೆ ಕೂತು ನಗುವ ಅಜ್ಜಿಯೊಬ್ಬಳ ಫೋಟೋ ತೋರಿಸಿದೆ. ನೋಡುತ್ತಲೇ ಮೆಚ್ಚಿದರು.

"ಅಣ್ಣ, ಈ ಮುಖ ಬೇರೆ ಯಾರ ಕವರ್ ಮೇಲೂ ಬರಲ್ಲ ತಾನೆ? ಓದೋಕೆ ಬರದವರೂ ಮುಖ ನೋಡಿ ನಮ್ಮ ಹಿಟ್ಟು ಕೇಳ್ಬೇಕು."

"ದುಡ್ಡು ಕೊಟ್ಟು ತಂದಿದೀನಿ ಕಣಮ್ಮ. ಇನ್ಮೇಲೆ ಈ ಅಜ್ಜಿ ನಿಮ್ಮೋಳೇ," ಅಂದೆ.

ಮಾತು ಕೊಟ್ಟ ಹಾಗೆಯೇ ಅದು. ಕವರುಗಳು ಪ್ರಿಂಟಾಗಿ ಅಮೃತೂರಿಗೆ ಹೋದವು.

ಸ್ವಲ್ಪ ದಿನದ ಮೇಲೆ ಅಂಗಡಿ ಬೋರ್ಡೊಂದನ್ನು ಕಟ್ಟಲು ಸಿ.ಎಸ್. ಪುರಕ್ಕೆ ಹೊರಟಿದ್ದೆ. ದಾರಿಯಲ್ಲಿ ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ತಲೆ ಎತ್ತಿದರೆ, ಕಂಬದ ಮೇಲಿಂದ ಅದೇ ಅಜ್ಜಿ ನಗುತ್ತಿದ್ದಾಳೆ. ಕೆಳಗೆ ದಪ್ಪಕ್ಷರದಲ್ಲಿ, 'ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಚಿಕಿತ್ಸೆ.' ಟೀ ಅಲ್ಲಿಗೇ ಬಿಟ್ಟೆ. ಫ್ಲೆಕ್ಸಿನ ಮೂಲೆಯಲ್ಲಿ ಮಾಡಿದವರ ಹೆಸರು, ನಂಬರು ಇದ್ದೇ ಇರುತ್ತದೆ. ಅಲ್ಲೇ ಹಿಂದಿನ ಬೀದಿಯ ಅಂಗಡಿ. ಹೋಗಿ ಬಾಗಿಲಲ್ಲೇ ನಿಂತು ಕೇಳಿದೆ.

"ನಾನು ಕೊಂಡಿರೋ ಫೋಟೋನ ನೀನು ಹೆಂಗಪ್ಪ ಹಾಕ್ದೆ?"

ಅವನು ನನಗಿಂತ ಚಿಕ್ಕವನು. ಸಿಟ್ಟು ಮಾಡಿಕೊಳ್ಳಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಅದೇ ವೆಬ್‌ಸೈಟು. ಅವನೂ ದುಡ್ಡು ಕಟ್ಟಿಯೇ ತಂದಿದ್ದ.

"ಅಣ್ಣ, ನೀನು ಕೊಂಡಿದ್ದು ಫೋಟೋ ಅಲ್ಲ, ಬಳಸೋಕೆ ಲೈಸೆನ್ಸು. ನಾನೂ ಅದನ್ನೇ ಕೊಂಡಿದೀನಿ. ನಾಳೆ ಇನ್ನೊಬ್ಬ ಕೊಳ್ತಾನೆ. ಕುಣಿಗಲ್ ಬಸ್ಸಿಗೆ ಟಿಕೆಟ್ ತಗೊಂಡು ಬಸ್ಸೇ ನಂದು ಅಂತೀಯಾ?"

"ಒಬ್ಬರಿಗೇ ಅಂತ ಕೊಡಲ್ವಾ?"

"ಕೊಡ್ತಾರೆ, ಕೆಲವು ಫೋಟೋಗೆ. ಅದಕ್ಕೆ ರೇಟು ಬೇರೆ. ನಿಂದು ಅದಲ್ಲ."

ನಂಬಲಾಗಲಿಲ್ಲ. ಲೈಸೆನ್ಸಿನ ಪುಟ ತೆಗೆಸಿದೆ. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೇ. ಮೊಬೈಲಿನಲ್ಲಿ ಕನ್ನಡ ಮಾಡಿಕೊಂಡು ಒಂದೊಂದೇ ಸಾಲು ಓದಿದೆವು. ಅವನು ಹೇಳಿದ್ದು ನಿಜವಾಗಿತ್ತು. ಇನ್ನೂ ಕೆಳಗೆ ಹೋದರೆ, ಫೋಟೋದಲ್ಲಿರುವವರಿಗೆ ಕಾಯಿಲೆ ಇದೆ ಅನ್ನಿಸುವ ಹಾಗೆ ಬಳಸಿದರೆ, ಇವರು ಬರೀ ಮಾಡೆಲ್ ಅಂತ ಪಕ್ಕದಲ್ಲೇ ಬರೆಯಬೇಕು ಅಂತಲೂ ಇತ್ತು. ಅವನು ಮೌಸ್ ಬಿಟ್ಟು ತಲೆ ಕೆರೆದುಕೊಂಡ.

"ಅಜ್ಜಿಗೆ ಮೂಲವ್ಯಾಧಿ ಬರಿಸೋ ಲೈಸೆನ್ಸು ನಿಂಗೂ ಇಲ್ಲ ಬುಡು," ಅಂದೆ. ಇಬ್ಬರೂ ನಕ್ಕೆವು. ನನ್ನ ನಗು ಬೇಗ ನಿಂತಿತು. ಅವನೇನೋ ಒಂದು ಸಾಲು ಸೇರಿಸಿದರೆ ಮುಗಿಯಿತು, ನನ್ನ ಮಾತು ಅಮೃತೂರಿನ ಅಂಗಡಿಗಳಲ್ಲಿ ನೇತಾಡುತ್ತಿತ್ತು.

ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕು ಅಂತ ಮಾರನೇ ದಿನ ಹೋದೆ. ಆ ಹೆಣ್ಣುಮಗಳ ಮನೆ ಜಗುಲಿಯಲ್ಲಿ ಕೂತು ನಡೆದದ್ದನ್ನು ತೋಟದ ಲೆಕ್ಕದಲ್ಲಿ ಬಿಡಿಸಿ ಹೇಳಿದೆ. "ತೆಂಗಿನ ಮರ ಗುತ್ತಿಗೆಗೆ ಕೊಡ್ತೀರಲ್ಲಮ್ಮ, ಕಾಯಿ ಅವನದು, ಮರ ನಿಮ್ಮದೇ. ಹಂಗೆ ಇದು."

"ನಾವು ಒಂದು ಮರಾನ ಒಬ್ಬನಿಗೇ ಕೊಡೋದು ಅಣ್ಣ," ಅಂದರು ಅವರು. "ಊರಿಗೆಲ್ಲ ಕೊಡಲ್ಲ."

ಒಳಗಿಂದ ಅವರ ಅತ್ತೆ ಬಂದರು, ಕೈ ಒದ್ದೆ, ರಾಗಿ ಮೊಳಕೆಗೆ ಕಟ್ಟುತ್ತಿದ್ದರು.

"ಯಾವಳೋ ಗೊತ್ತಿಲ್ಲದೋಳ ಮುಖ ಯಾಕ್ಲಾ ಬೇಕಿತ್ತು? ಮೊಳಕೆ ಕಟ್ಟೋಳು ನಾನಿಲ್ವಾ?"

ಅವರದೇ ಫೋಟೋ ತೆಗೆಯೋಣ ಅಂತ ಬೀಸೋ ಕಲ್ಲಿನ ಮುಂದೆ ಕೂರಿಸಲು ನೋಡಿದೆ. "ನಾವು ಬೀಸಿಸೋದು ಮಿಲ್ಲಲ್ಲಿ. ಸುಳ್ಳು ಹೊಡೀಬೇಡ," ಅಂದರು. ಮೊಳಕೆಯ ಬಟ್ಟೆ ಬಿಚ್ಚುತ್ತಿರುವಾಗಲೇ ತೆಗೆದೆ. ನಗು ಅಂದರೆ ನಗಲಿಲ್ಲ. ಎಲ್ಲೆಲ್ಲಿ ಹಾಕಬಹುದು ಅಂತ ಈ ಸಲ ಮೊದಲೇ ಕೇಳಿದೆ.

"ಸೊಸೆ ಹಿಟ್ಟಿನ ಮೇಲೆ ಹಾಕು. ಇನ್ನೆಲ್ಲಾದ್ರೂ ಬೇಕು ಅಂದ್ರೆ ಬಂದು ಕೇಳು."

ಇದ್ದ ಕವರು ಖಾಲಿಯಾದ ಮೇಲೆ ಹೊಸದು ಬಂತು. ನಗದ ಅಜ್ಜಿಯನ್ನು ಜನ ಹೆಚ್ಚೇ ನಂಬಿದರು ಅನ್ನಿಸುತ್ತದೆ. ಯಾಕೆಂದರೆ ಕುಣಿಗಲ್ಲಿನ ಬೇಕರಿಯವರೊಬ್ಬರು ರಾಗಿ ಬಿಸ್ಕತ್ತಿನ ಪ್ಯಾಕೆಟ್ಟಿಗೆ ಅದೇ ಫೋಟೋ ಬೇಕು ಅಂತ ಹುಡುಕಿಕೊಂಡು ಬಂದರು.

"ಕೇಳ್ಬೇಕು ಸ್ವಾಮಿ," ಅಂದೆ.

"ತೆಗೆದೋರು ನೀವೇ ಅಲ್ವಾ? ಯಾರನ್ನ ಕೇಳ್ಬೇಕು?"

"ಫೋಟೋ ನಂದು. ಮುಖ ಅವರದು. ಮಾತು ಸೊಸೆಗೆ ಕೊಟ್ಟಿದೀನಿ."

ಅವರ ಎದುರಿಗೇ ಫೋನ್ ಮಾಡಿದೆ. ಸೊಸೆ, "ಬಿಸ್ಕತ್ತಾದ್ರೆ ನಂಗೇನಿಲ್ಲ, ಅತ್ತೇನ ಕೇಳಿ," ಅಂತ ಫೋನ್ ಕೊಟ್ಟರು. ಅತ್ತೆ, "ಮೈದಾ ಎಷ್ಟು ಹಾಕ್ತಾನಂತೆ ಕೇಳು ಮೊದ್ಲು," ಅಂದರು.

ಸ್ಪೀಕರ್ ಆನ್ ಆಗೇ ಇತ್ತು. ಬೇಕರಿಯವರು ಗೋಡೆಯ ಮೇಲಿನ ಸ್ಯಾಂಪಲ್‌ಗಳ ಕಡೆ ತಿರುಗಿ, ಬೇರೆ ಡಿಸೈನ್ ಏನಿದೆ ತೋರಿಸಿ ಅಂದರು.