ಮೊರದಲ್ಲಿ ಮಗುಚಿದ ಬೀಜಗಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಜಗಳೂರಿನಲ್ಲಿದ್ದೆವು. ಕಿಟಕಿಯ ಧೂಳು ಒರೆಸಿ ಬಟ್ಟೆ ಹಿಂಡುವಷ್ಟರಲ್ಲಿ ಮತ್ತೆ ಕೂರುತ್ತಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನ್ನ ಯಜಮಾನರು ಡಾಕ್ಟರೇಟಿಗೆ ಧೂಳನ್ನೇ ಆರಿಸಿಕೊಂಡಿದ್ದಾರೆಂದು ತಿಳಿದಾಗ ನಗು ಬಂದಿತ್ತು.

ಅವರ ಧೂಳು ಬೇರೆ. ಅದು ಪ್ಲಾಸ್ಮಾದಲ್ಲಿ, ಅಂದರೆ ಎಲೆಕ್ಟ್ರಾನುಗಳೂ ಧನ ಅಯಾನುಗಳೂ ಬಿಡಿಬಿಡಿಯಾಗಿ ಓಡಾಡುವ ಅನಿಲದಲ್ಲಿ ತೇಲುವ ಧೂಳು. ಎಲೆಕ್ಟ್ರಾನಿಗೆ ವೇಗ ಹೆಚ್ಚು, ಮೊದಲು ಬಂದು ಅಂಟಿಕೊಳ್ಳುತ್ತದೆ, ಧೂಳಿನ ಕಣಕ್ಕೆ ಋಣ ವಿದ್ಯುದಂಶ ಬರುತ್ತದೆ. ಋಣ ಏರಿದಂತೆ ಕಣವು ಎಲೆಕ್ಟ್ರಾನನ್ನು ದೂರ ತಳ್ಳಿ ಅಯಾನನ್ನು ಎಳೆಯುತ್ತದೆ. ಕೊನೆಗೆ ಒಂದು ಹದಕ್ಕೆ ಬರುತ್ತದೆ. ಅವರ ಪುಸ್ತಕಗಳು ಅಲ್ಲಿಗೆ ನಿಲ್ಲುತ್ತಿದ್ದವು.

“ಹದಕ್ಕೆ ಬಂದ್ಮೇಲೆ ಸುಮ್ನೆ ಇರುತ್ತೇನ್ರೀ?” ಎಂದೆ. “ಬರೋದು ಒಂದೊಂದೇ ತಾನೆ? ಒಂದ್ಸಲ ಎರಡು ಹೆಚ್ಚು, ಒಂದ್ಸಲ ಎರಡು ಕಮ್ಮಿ ಆಗಲ್ವಾ?”

ಅವರು ಕಾಫಿ ಲೋಟ ಕೆಳಗಿಟ್ಟರು. “ಆಗುತ್ತೆ. ಅದನ್ನ ಲೆಕ್ಕ ಹಾಕಾಕೆ ಕಂಪ್ಯೂಟರ್ ಬೇಕು. ಜಗಳೂರಾಗೆ ಎಲ್ಲೈತೆ?”

ಮನೆಯಲ್ಲಿ ಹುಣಸೆಬೀಜ ಇತ್ತು. ಚೌಕಾಬಾರಕ್ಕೆ ಮಾಡುವಂತೆ ಒಂದು ಮಗ್ಗುಲನ್ನು ಕಲ್ಲಿಗೆ ತೀಡಿ ಬಿಳಿ ಮಾಡಿದೆ. ಎಲ್ಲವನ್ನೂ ಕಪ್ಪು ಮೇಲಾಗಿ ಮೊರದಲ್ಲಿ ಹರಡಿದೆ. ಚನ್ನಗಿರಿಯ ತವರಿನಿಂದ ತಂದಿದ್ದ ಉಲ್ಲನ್ ಹೆಣೆಯುವ ಕಡ್ಡಿಯಿಂದ ಕಣ್ಣು ಮುಚ್ಚಿ ಒಂದನ್ನು ಮುಟ್ಟುವುದು, ಮಗುಚುವುದು. ಕಪ್ಪು ಬಿಳಿಯಾದರೆ ಎಲೆಕ್ಟ್ರಾನು ಬಂತು. ಬಿಳಿ ಕಪ್ಪಾದರೆ ಅಯಾನು. ಮೇಲೆ ಕಾಣುವ ಬಿಳಿಯಷ್ಟೇ ಕಣದ ಋಣ. ಬಿಳಿ ಹೆಚ್ಚಿದಷ್ಟು ಕಡ್ಡಿ ಬಿಳಿಯನ್ನೇ ಮುಟ್ಟುವ ಸಂಭವ ಹೆಚ್ಚು, ಹಾಗಾಗಿ ತಾನಾಗಿ ಹದಕ್ಕೆ ಬರುತ್ತಿತ್ತು. ಬಂದರೂ ನಿಲ್ಲುತ್ತಿರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಗೆರೆ ಏರಿ, ಆಮೇಲೆ ನಡುಗುತ್ತಲೇ ಸಾಗುತ್ತಿತ್ತು. ಬೀಜ ಕಡಿಮೆ ಮಾಡಿದರೆ, ಅಂದರೆ ಕಣ ಚಿಕ್ಕದಾದರೆ, ಅದರ ಅಳತೆಗೆ ನಡುಕ ಇನ್ನೂ ಜಾಸ್ತಿ.

ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: “ಕಾನ್ವೆಂಟ್ ಓದಿದೋಳು ನೋಡ್ರವ್ವ, ಒಬ್ಳೇ ಕುಂತ್ಕಂಡು ಚೌಕಾಬಾರ ಆಡ್ತಾಳೆ. ಗೆದ್ರೂ ಇವ್ಳೇ, ಸೋತ್ರೂ ಇವ್ಳೇ.”

ಯಜಮಾನರು ಮಾತ್ರ ಆ ಗ್ರಾಫುಗಳನ್ನು ಒಂದು ಅಧ್ಯಾಯವನ್ನಾಗಿ ಬರೆದರು. ಮದುವೆಗಾಗಿ ನಾನು ಬಿ.ಎಸ್ಸಿ. ನಡುವೆಯೇ ಬಿಟ್ಟವಳು. “ಈ ಅಧ್ಯಾಯ ನಿಂದು ಅಂತಾನೇ ಬರೀತೀನಿ. ಅದನ್ನ ತೋರಿಸಿ ಅವ್ವನ್ನ ಒಪ್ಪಿಸಿ ನಿನ್ನನ್ನ ಮತ್ತೆ ಕಾಲೇಜಿಗೆ ಸೇರಿಸ್ತೀನಿ” ಎಂದಿದ್ದರು. ನಾನು ನಂಬಿ, ಟ್ರಂಕಿನಲ್ಲಿದ್ದ ಹಳೆಯ ಪುಸ್ತಕಗಳನ್ನು ಬಿಸಿಲಿಗೆ ಹಾಕಿದೆ.

ಅವರ ಮಾರ್ಗದರ್ಶಕರು ಒಂದು ಭಾನುವಾರ ಊಟಕ್ಕೆ ಬಂದರು. ಒಬ್ಬಟ್ಟಿಗೆ ನಾನು ತುಪ್ಪ ಬಡಿಸುವಾಗ ಆ ಅಧ್ಯಾಯದ ಮಾತು ಬಂತು.

“ಗ್ರಾಫ್ ಚೆನ್ನಾಗಿದೆಯಪ್ಪ. ಎಲ್ಲಿ ಮಾಡಿಸಿದ್ರಿ?”

ಯಜಮಾನರು ನನ್ನ ಕಡೆ ನೋಡಲಿಲ್ಲ. “ಬೆಂಗಳೂರಲ್ಲಿ ಸಾರ್, ಕಂಪ್ಯೂಟರಲ್ಲಿ.”

ಅಡುಗೆಮನೆ ಬಾಗಿಲಿನಿಂದ ಅತ್ತೆ ಹೇಳಿದರು: “ಎಲ್ಲಿ ಬೆಂಗಳೂರ್ರಿ? ನಮ್ಮ ಸೊಸೆ ಮೊರದಾಗೆ ಹುಣಸೆಬೀಜ ಮಗುಚಿ ಮಾಡಿದ್ದು!”

ಮಾರ್ಗದರ್ಶಕರಿಗೆ ನಗು ತಡೆಯಲಾಗಲಿಲ್ಲ, ನೀರು ಕುಡಿಯಬೇಕಾಯಿತು. “ಭೇಷ್ ಅಜ್ಜಿ! ಹಂಗಾದ್ರೆ ಕಂಪ್ಯೂಟರ್ ಬದಲು ಎಲ್ಲರಿಗೂ ಒಂದೊಂದು ಮೊರ ಕೊಡಿಸೋಣ.”

ತುಪ್ಪದ ಸೌಟು ಹಿಡಿದು ನಾನು ಕಾದೆ. ಯಜಮಾನರು ಹೌದು ಸಾರ್ ಅಂದರೆ ಸಾಕಿತ್ತು.

“ನಮ್ಮವ್ವಂದು ಯಾವಾಗ್ಲೂ ತಮಾಷೆ, ಸಾರ್” ಎಂದು ಅವರೂ ನಕ್ಕರು.

“ಕಂಪ್ಯೂಟರಿಗೆ ಕೊಟ್ಟ ಆ ತೂತಿನ ಕಾರ್ಡುಗಳನ್ನ ಜೋಪಾನವಾಗಿಡಿ. ಪರೀಕ್ಷಕರು ಕೇಳ್ತಾರೆ” ಎಂದರು ಮಾರ್ಗದರ್ಶಕರು.

ಒಬ್ಬಟ್ಟು ಮುರಿಯುತ್ತಿದ್ದ ಯಜಮಾನರ ಕೈ ಅಲ್ಲೇ ನಿಂತಿತು. “ಅದು ಅಷ್ಟು ಮುಖ್ಯ ಅಲ್ಲ ಬಿಡಿ ಸಾರ್. ಆ ಅಧ್ಯಾಯ ತೆಗೆದುಬಿಡ್ತೀನಿ. ವಿದ್ಯುದಂಶ ಸ್ಥಿರ ಅಂತ ಇಟ್ಕೊಂಡ್ರೆ ಆಯ್ತು.”

ಮಾರ್ಗದರ್ಶಕರು ಹೋದ ಮೇಲೆ ನಾನು ಊಟದ ಎಲೆ ಎತ್ತುತ್ತಿದ್ದೆ. ಯಜಮಾನರೇ ಅಂದರು: “ಹುಣಸೆಬೀಜ ಅಂದ್ರೆ ಯಾರು ಒಪ್ತಾರೆ ಹೇಳು? ನನ್ನ ಮರ್ಯಾದೆ ಏನಾಗಬೇಕು?”

ಬೀಜಗಳನ್ನು ಅತ್ತೆ ಚೌಕಾಬಾರಕ್ಕೆ ತೆಗೆದುಕೊಂಡರು. ಎಲ್ಲ ಒಂದೇ ಸಮ ತೀಡಿದ್ದಕ್ಕೆ ಚೆನ್ನಾಗಿ ಬೀಳುತ್ತವೆ ಎಂದು ಅಕ್ಕಪಕ್ಕದವರೂ ಕೇಳಿ ಒಯ್ಯುತ್ತಿದ್ದರು.

ಪ್ರಬಂಧ ಬೈಂಡಿಂಗಿಗೆ ಹೋಗುವ ಮುಂಚೆ ಅವರು ಒಂದು ಗ್ರಾಫ್ ಹಾಳೆ, ಇಂಡಿಯನ್ ಇಂಕು, ಸ್ಕೇಲು ತಂದು ನನ್ನ ಮುಂದಿಟ್ಟರು. ಕಣದ ವಿದ್ಯುದಂಶ ತೋರಿಸುವ ಗೆರೆ, ಏರಿದ ಮೇಲೆ ಕೊನೆಯವರೆಗೆ ಸಪಾಟಾಗಿ ಬರಬೇಕಿತ್ತು.

“ನೀನೇ ಎಳಿ. ನಿನ್ನ ಕೈ ಅಲ್ಲಾಡಲ್ಲ.”

ಎಳೆದುಕೊಟ್ಟೆ. ಗೆರೆ ಎಲ್ಲೂ ಅಲ್ಲಾಡಲಿಲ್ಲ.